ಇನ್ನೂರ ಇಪ್ಪತ್ತೊಂಬತ್ತು ಕೋಟಿಯ ಹಟ

ನನ್ನ ಅಂಗಿಯ ಜೇಬಿನಲ್ಲಿ ಇನ್ನೂರ ಇಪ್ಪತ್ತೊಂಬತ್ತು ಕೋಟಿಗೆ ತುಸು ಕಡಿಮೆ ಇದೆ. ರಿಯಾಲೂ ಅಲ್ಲ, ರೂಪಾಯಿಯೂ ಅಲ್ಲ, ಬರೀ ಸಂಖ್ಯೆ. ನನ್ನ ಇಕಾಮಾ ಕಾರ್ಡಿನ ಸಂಖ್ಯೆ. ಈ ದೇಶಕ್ಕೆ ದುಡಿಯಲು ಬಂದ ಪ್ರತಿಯೊಬ್ಬ ಪರದೇಶಿಗೂ ವಾಸದ ಪರವಾನಗಿಯ ಜೊತೆ ಇಂಥದೊಂದು ಹತ್ತು ಅಂಕಿಯ ಸಂಖ್ಯೆ ಸಿಗುತ್ತದೆ. ಎರಡರಿಂದ ಶುರುವಾಗುತ್ತದೆ, ಇರುವಷ್ಟು ಕಾಲ ಬದಲಾಗುವುದಿಲ್ಲ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಸಿಮ್ ಮಾರುವ ಅಂಗಡಿಯಲ್ಲಿ ಮೊದಲು ಕೇಳುವುದು ಅದನ್ನೇ. ಹೆಸರು ಆಮೇಲೆ. ಆ ಹೆಸರೂ ಇಲ್ಲಿ ನೆಟ್ಟಗೆ ಉಳಿಯುವುದಿಲ್ಲ ಬಿಡಿ. ಅರಬ್ಬಿಯಲ್ಲಿ ಪಕಾರ ಇಲ್ಲ. ಹಾಗಾಗಿ ಕುಂದಾಪುರದ ಪೂಜಾರಿಯಾದ ನಾನು ಈ ಅರಬ್ ದೇಶದ ಜುಬೈಲಿನಲ್ಲಿ ಇಳಿದ ದಿನದಿಂದ ಬೂಜಾರಿ. ಹೆಸರು ಬದಲಾಯಿತು, ಸಂಖ್ಯೆ ಮಾತ್ರ ಯಾರ ಬಾಯಲ್ಲೂ ಕೆಡಲಿಲ್ಲ.

ಪೂರ್ತಿ ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಮೇಲೆ ಅಪನಂಬಿಕೆಯೇನಿಲ್ಲ. ಆದರೂ ಬರೆದರೆ ನಿಮ್ಮಲ್ಲಿ ಯಾರಾದರೊಬ್ಬರು ಅದನ್ನು ಮೊಬೈಲಿಗೆ ಬಡಿದು ಉತ್ತರ ಕಂಡುಹಿಡಿದು ನನಗೆ ಹೇಳಿಯೇಬಿಡುತ್ತಾರೆ. ಅದು ನನಗೆ ಬೇಡ. ಕೊನೆಯ ಅಂಕಿ ಏಳು ಎಂದಷ್ಟೇ ಹೇಳುತ್ತೇನೆ.

ಯಾವ ಉತ್ತರ ಎನ್ನುತ್ತೀರಾ? ನನ್ನ ಸಂಖ್ಯೆಯನ್ನು ಯಾವುದಾದರೂ ಚಿಕ್ಕ ಸಂಖ್ಯೆ ಉಳಿಕೆಯಿಲ್ಲದೆ ಭಾಗಿಸುತ್ತದೆಯೋ ಇಲ್ಲವೋ ಎಂಬುದು. ಹನ್ನೆರಡು ವರ್ಷ ಇದೊಂದನ್ನೇ ನೋಡಿದ್ದೇನೆ. ಕ್ಯಾಂಪಿನಿಂದ ಪ್ಲಾಂಟಿಗೆ, ಪ್ಲಾಂಟಿನಿಂದ ಕ್ಯಾಂಪಿಗೆ ಓಡುವ ಕಂಪನಿ ಬಸ್ಸಿನಲ್ಲಿ ಕೂತು, ಸವಾರಿಗೊಂದರಂತೆ, ಪೆನ್ನು ಹಿಡಿದು, ಕೈಯಲ್ಲೇ ಭಾಗಾಕಾರ ಮಾಡಿದ್ದೇನೆ. ಕ್ಯಾಲ್ಕುಲೇಟರ್ ಇಲ್ಲ. ಮೊಬೈಲ್ ಇಲ್ಲ. ಇದರಿಂದ ಏನು ಉಪಯೋಗ ಎಂದು ಕೇಳುವವರು ಈ ಪುಟ ಮಗುಚಿ ಮುಂದಿನದಕ್ಕೆ ಹೋಗಬಹುದು. ನನಗೇನೂ ಬೇಸರವಿಲ್ಲ.

ಉಪಯೋಗದ ಮಾತು ಬಂದಾಗಲೆಲ್ಲ ನನಗೆ ನನ್ನ ಅಮ್ಮನ ನೆನಪಾಗುತ್ತದೆ. ಅಮ್ಮ ಬೀಡಿ ಕಟ್ಟುತ್ತಿದ್ದಳು. ನಮ್ಮ ಕಡೆ ಆಗ ಯಾರ ಮನೆಯ ಜಗಲಿಯಲ್ಲಿ ನೋಡಿದರೂ ಮಡಿಲಲ್ಲಿ ಬಿದಿರಿನ ಗೆರಸಿ ಇಟ್ಟುಕೊಂಡು ಕೂತ ಹೆಂಗಸರೇ. ಎಲೆ ಕತ್ತರಿಸುವ ಸದ್ದು, ಹೊಗೆಸೊಪ್ಪಿನ ಘಾಟು, ಸೀನು, ಮಾತು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಸಂಜೆ ಕಟ್ಟುಗಳೆಲ್ಲ ಆದ ಮೇಲೆ ಗೆರಸಿಯಲ್ಲಿ ಕೆಲವು ಬೀಡಿ ಉಳಿಯುತ್ತಿದ್ದವು. ಅವು ನಾಳೆಯ ಲೆಕ್ಕಕ್ಕೆ. ಅಲ್ಲಿಯವರೆಗೆ ಆ ಉಳಿಕೆ ನನ್ನ ಆಟಿಕೆ. ಹನ್ನೆರಡು ಉಳಿದರೆ ಮೂರರಂತೆ ನಾಲ್ಕು ಸಾಲು ಇಡುತ್ತಿದ್ದೆ, ಅಥವಾ ಎರಡರಂತೆ ಆರು. ಹದಿನಾರಾದರೆ ಅಚ್ಚುಕಟ್ಟಾದ ಚೌಕ. ಹದಿನೇಳು ಬಂತೋ, ಮುಗಿಯಿತು. ಎರಡರ ಸಾಲಿಗೂ ಒಂದು ಹೆಚ್ಚು, ಮೂರರ ಸಾಲಿಗೂ ಎರಡು ಹೆಚ್ಚು, ನಾಲ್ಕರಲ್ಲೂ ಅದೇ ಗತಿ. ನಾನು ಅಳುಮೋರೆ ಮಾಡಿದರೆ ಅಮ್ಮ ಕೈಕೆಲಸ ಬಿಡದೆ ಹೇಳುತ್ತಿದ್ದಳು:

“ಅದ್ ಹಟದ್ ಮಾಣಿ. ಯಾರ್ ಸಾಲಿಗೂ ಕೂಕಂಬುದಿಲ್ಲ. ಬಿಡ್ ಅದನ್.”

ಹೈಸ್ಕೂಲಿನಲ್ಲಿ ಮೇಷ್ಟ್ರು ಅದಕ್ಕೆ ಅವಿಭಾಜ್ಯ ಸಂಖ್ಯೆ ಎಂದು ದೊಡ್ಡ ಹೆಸರಿಟ್ಟು ಬೋರ್ಡಿನ ಮೇಲೆ ಬರೆದಾಗ ನಾನು ಮನಸ್ಸಿನಲ್ಲೇ, ಓ ಇದು ನಮ್ಮನೆಯ ಹಟದ ಮಾಣಿ, ಆ ಹಟಮಾರಿ ಹುಡುಗ ಅಲ್ಲವೇ ಅಂದುಕೊಂಡೆ. ತನ್ನಿಂದ ಮತ್ತು ಒಂದರಿಂದ ಬಿಟ್ಟರೆ ಬೇರೆ ಯಾರಿಂದಲೂ ಭಾಗವಾಗದ ಸಂಖ್ಯೆ. ಅಷ್ಟು ಹೊತ್ತಿಗೆ ಇಪ್ಪತ್ತಮೂರರವರೆಗಿನ ಹಟದ ಮಾಣಿಗಳೆಲ್ಲ ನನಗೆ ಪರಿಚಯದವರು. ಹಾಗೆಂದು ನಾನು ಗಣಿತದಲ್ಲಿ ಹುಲಿ ಎಂದು ತಿಳಿಯಬೇಡಿ. ಬೀಜಗಣಿತ ಬಂದು ನನ್ನನ್ನು ಹಿಡಿದು ನೆಲಕ್ಕೆ ಕುಕ್ಕಿತು. ಐಟಿಐ ಮಾಡಿ, ಪ್ರೆಶರ್ ಗೇಜು ರಿಪೇರಿ ಕಲಿತು, ಆ ಗೇಜುಗಳನ್ನೇ ನಂಬಿಕೊಂಡು ಇಲ್ಲಿಗೆ ಬಂದೆ. ಗೇಜಿನ ಕೆಲಸದಲ್ಲಿ ಎಲ್ಲವೂ ಹೆಚ್ಚುಕಮ್ಮಿ. ಮುಳ್ಳು ಇಷ್ಟರಿಂದ ಇಷ್ಟರೊಳಗೆ ನಿಂತರೆ ಪಾಸು. ಇಡೀ ದಿನ ಹೆಚ್ಚುಕಮ್ಮಿಯಲ್ಲಿ ಬದುಕುವವನಿಗೆ ಸರಿಯಾಗಿ ಇಷ್ಟೇ ಎಂದು ನಿಲ್ಲುವ ಒಂದಾದರೂ ಬೇಕಾಗುತ್ತದೆ.

ಇಲ್ಲಿನ ಅಂಕಿಗಳು ಮೊದಲ ವಾರವೇ ನನಗೆ ಬುದ್ಧಿ ಕಲಿಸಿದವು. ನಮ್ಮ ಕ್ಯಾಂಪಿನ ಬಸ್ಸುಗಳ ಹಣೆಯ ಮೇಲೆ ಆಗ ಅರಬ್ಬಿ ಅಂಕಿ ಮಾತ್ರ ಇತ್ತು. ನನಗೆ ಐದನೇ ನಂಬರಿನ ಬಸ್ಸು ಎಂದು ಹೇಳಿದ್ದರು. ನಾನು ಐದನ್ನೇ ಕಾಯುತ್ತ ನಿಂತೆ. ಸೊನ್ನೆ ನಂಬರಿನ ಬಸ್ಸೊಂದು ಬಂದು ನಿಂತು ಹೋಯಿತು. ಸೊನ್ನೆ ನಂಬರಿನ ಬಸ್ಸು ಎಲ್ಲಿಗೆ ಹೋಗುತ್ತದಪ್ಪ ಎಂದು ನಗು ಬೇರೆ ಬಂತು. ಮರುದಿನವೂ ಅದೇ. ಮೇಸ್ತ್ರಿಯ ಬೈಗುಳ ತಿಂದು ಮೂರನೆಯ ದಿನ ನಿಂತಿದ್ದಾಗ ಆ ಸೊನ್ನೆ ಬಸ್ಸಿನ ಬಾಗಿಲಿನಿಂದ ಒಂದು ಕೈ ಬಂದು ನನ್ನ ತೋಳು ಹಿಡಿದು ಒಳಗೆಳೆಯಿತು.

“ಹತ್ತಿ ಮಾರಾಯ್ರೆ, ಇದೇ ಐದು. ಇವರ ಐದು ನಮ್ಮ ಸೊನ್ನೆ ಹಾಗೇ ಉಂಟು. ಸೊನ್ನೆಗೆ ಒಂದು ಚುಕ್ಕಿ ಇಡುದು, ಅಷ್ಟೇ.”

ಹೀಗೆ ಸಿಕ್ಕಿದವರು ಹಮೀದ್ ಬ್ಯಾರಿ. ಉಳ್ಳಾಲದ ಕಡೆಯವರು, ಪ್ಲಾಂಟಿನಲ್ಲಿ ಅಟ್ಟಣಿಗೆ ಕಟ್ಟುವವರ ಮೇಲ್ವಿಚಾರಕರು. ನನಗೆ ತುಳು ಅಷ್ಟಕ್ಕಷ್ಟೇ, ಅವರ ಬ್ಯಾರಿ ಭಾಷೆ ಮೊದಲೇ ಬಾರದು, ಆದ್ದರಿಂದ ನಮ್ಮ ಮಾತೆಲ್ಲ ಕನ್ನಡದಲ್ಲಿ. ಅಂದಿನಿಂದ ಇಂದಿನವರೆಗೆ ಐದನೇ ನಂಬರಿನ ಬಸ್ಸಿನಲ್ಲಿ ಎಡಗಡೆಯ ನಾಲ್ಕನೆಯ ಸೀಟು ನಮ್ಮಿಬ್ಬರದು. ಬಸ್ಸು ಮೂರು ಸಲ ಬದಲಾಗಿದೆ, ಸೀಟು ಬದಲಾಗಿಲ್ಲ.

ಭಾಗಾಕಾರದ ಹುಚ್ಚು ಹತ್ತಿದ್ದು ಒಂದು ಧೂಳಿನ ಮುಂಜಾನೆ. ಗಾಳಿಗೆ ಮರಳೆದ್ದು ಎದುರಿನ ಬಸ್ಸು ಕಾಣುತ್ತಿರಲಿಲ್ಲ. ಗೇಟಿನಲ್ಲಿ ಎಲ್ಲರ ಇಕಾಮಾ ನೋಡಿ ಒಳಗೆ ಬಿಡುತ್ತಿದ್ದರು. ಸಾಲು ಅಲ್ಲಾಡುತ್ತಿರಲಿಲ್ಲ. ಕೈಯಲ್ಲಿ ಕಾರ್ಡು, ಮಾಡಲು ಬೇರೇನೂ ಇಲ್ಲ. ಸಂಖ್ಯೆಯನ್ನು ನೋಡುತ್ತ ಕೂತೆ. ಕೊನೆಗೆ ಏಳು ಇದೆ, ಹಾಗಾಗಿ ಎರಡು ಮತ್ತು ಐದರ ಆಟ ನಡೆಯುವುದಿಲ್ಲ. ಅಂಕಿಗಳನ್ನೆಲ್ಲ ಕೂಡಿದೆ, ಮೊತ್ತ ಮೂರಕ್ಕೆ ಜಗ್ಗಲಿಲ್ಲ, ಅಂದ ಮೇಲೆ ಸಂಖ್ಯೆಯೂ ಜಗ್ಗುವುದಿಲ್ಲ. ಇನ್ನು ಏಳು, ಹನ್ನೊಂದು, ಹದಿಮೂರು. ಈ ಮೂವರಿಗೆ ಒಟ್ಟಿಗೇ ಒಂದು ಉಪಾಯ ಇದೆ. ಮೂರನ್ನೂ ಗುಣಿಸಿದರೆ ಸಾವಿರದ ಒಂದು. ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಯಾಗಿ ತುಂಡು ಮಾಡಿ, ಒಂದು ತುಂಡು ಕೂಡಿ, ಮುಂದಿನದನ್ನು ಕಳೆದು, ಹೀಗೇ ಹೋದರೆ ಕೊನೆಗೆ ಸಿಕ್ಕುವ ಚಿಕ್ಕ ಸಂಖ್ಯೆಯನ್ನು ಪರೀಕ್ಷಿಸಿದರೆ ಸಾಕು. ಪರೀಕ್ಷಿಸಿದೆ. ಮೂವರೂ ಸೋತರು. ನನಗೆ ಬೆನ್ನು ತಟ್ಟಿದ ಹಾಗಾಯಿತು.

ಈ ಸಾವಿರದ ಒಂದರ ಆಟವನ್ನು ಹಮೀದರಿಗೂ ತೋರಿಸಿದ್ದೆ. ಯಾವುದಾದರೂ ಮೂರು ಅಂಕಿಯ ಸಂಖ್ಯೆ ಹೇಳಿ ಎಂದೆ. ಅವರು ಮುನ್ನೂರ ನಲವತ್ತೇಳು ಎಂದರು. ಅದನ್ನೇ ಎರಡು ಸಲ ಒತ್ತಿಗೆ ಬರೆಸಿದೆ: ಮೂರು ಲಕ್ಷದ ನಲವತ್ತೇಳು ಸಾವಿರದ ಮುನ್ನೂರ ನಲವತ್ತೇಳು. ಏಳರಿಂದ ಭಾಗಿಸಿ, ಬಂದದ್ದನ್ನು ಹನ್ನೊಂದರಿಂದ ಭಾಗಿಸಿ, ಅದನ್ನು ಹದಿಮೂರರಿಂದ ಭಾಗಿಸಿ ಎಂದೆ. ಎಲ್ಲೂ ಉಳಿಕೆ ಬರಲಿಲ್ಲ, ಕೊನೆಗೆ ಅವರದೇ ಮುನ್ನೂರ ನಲವತ್ತೇಳು ಕೈಗೆ ಬಂತು. ಹಮೀದರು ಬಹಳ ಹೊತ್ತು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದರಲ್ಲಿ ಎಂತದೋ ಮೋಸ ಉಂಟು,” ಎಂದರು. ಆಮೇಲೆ ಊರಿಗೆ ಹೋದಾಗ ಮದುವೆ ಮನೆಗಳಲ್ಲಿ ಅದೇ ಮೋಸವನ್ನು ತಾವೂ ಮಾಡಿ ಹೆಸರು ಗಳಿಸಿಕೊಂಡು ಬಂದರು.

ಹದಿಮೂರಾದ ಮೇಲೆ ಹದಿನೇಳು, ಹತ್ತೊಂಬತ್ತು. ಆಮೇಲೆ ಉಪಾಯಗಳು ಮುಗಿದವು, ನೇರ ಭಾಗಾಕಾರವೇ ಗತಿ. ಎಲ್ಲಿಯವರೆಗೆ? ಇನ್ನೂರಿಪ್ಪತ್ತೊಂಬತ್ತು ಕೋಟಿಯವರೆಗೂ ಹೋಗಬೇಕಿಲ್ಲ, ಹೆದರಬೇಡಿ. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾದರೆ ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. ಒಂದಾದರೂ ತಗ್ಗಿನಲ್ಲಿ ಸಿಗಲೇಬೇಕು. ನನ್ನ ಸಂಖ್ಯೆಯ ವರ್ಗಮೂಲ ನಲವತ್ತೆಂಟು ಸಾವಿರಕ್ಕೆ ತುಸು ಕೆಳಗೆ. ಅಲ್ಲಿಯವರೆಗಿನ ಅವಿಭಾಜ್ಯಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದರಾಯಿತು. ಅಂಥವು ಐದು ಸಾವಿರದ ಹತ್ತಿರ ಇವೆ. ಈ ಪಟ್ಟಿಯನ್ನೂ ನಾನು ಎಲ್ಲಿಂದಲೂ ತರಲಿಲ್ಲ. ಪ್ಲಾಂಟಿನಲ್ಲಿ ರದ್ದಾದ ಪೈಪ್‌ಲೈನ್ ನಕ್ಷೆಗಳನ್ನು ಎಸೆಯುತ್ತಾರೆ, ಒಂದೊಂದೂ ಮಂಚದ ಹಾಸಿನಷ್ಟು ಅಗಲ. ಅವುಗಳ ಹಿಂಬದಿಯಲ್ಲಿ ಸಂಖ್ಯೆಗಳನ್ನು ಬರೆದು, ಎರಡರ ಮಕ್ಕಳನ್ನು ಹೊಡೆದುಹಾಕಿ, ಮೂರರ ಮಕ್ಕಳನ್ನು ಹೊಡೆದುಹಾಕಿ, ಐದರ, ಏಳರ, ಹೀಗೆ ಜರಡಿ ಹಿಡಿದು ಉಳಿದವರನ್ನು ಆರಿಸಿಕೊಂಡೆ. ಎಷ್ಟೋ ಶುಕ್ರವಾರಗಳು ಅದಕ್ಕೇ ಹೋದವು. ನಕ್ಷೆಗಳು ನನ್ನ ಕೋಣೆಯ ಗೋಡೆಯ ಮೇಲಿವೆ. ಯಾರಾದರೂ ನೋಡಲು ಬಂದವರು ಇದೇನು ಎಂದು ಕೇಳಿದರೆ ಕ್ಯಾಲೆಂಡರ್ ಎನ್ನುತ್ತೇನೆ.

ಕುಂದಾಪುರದಿಂದ ನನ್ನ ಹೆಂಡತಿ ಜಲಜ ವಾರಕ್ಕೊಮ್ಮೆ ಆದರೂ ಫೋನಿನಲ್ಲಿ ಅದನ್ನು ಕೇಳಿಯೇ ಕೇಳುತ್ತಾಳೆ.

“ಎಲ್ಲಿಗ್ ಮುಟ್ತ್ ಮಾರಾಯ್ರೆ?”

“ಮೂವತ್ತೊಂದು ಸಾವಿರ ದಾಟಿತು.”

“ಮನಿಗ್ ಬನ್ನಿ. ಇಲ್ಲ್ ಭಾಗ ಮಾಡುಕೆ ತೆಂಗಿನ್ಕಾಯಿ ರಾಶಿ ಇತ್.”

ಗೇಲಿ ಮಾಡುತ್ತಾಳೆ, ಆದರೆ ಕಳೆದ ವಾರ ಎಲ್ಲಿಗೆ ನಿಂತಿತ್ತು ಎಂಬುದು ಅವಳಿಗೆ ಸರಿಯಾಗಿ ನೆನಪಿರುತ್ತದೆ. ಒಂದು ಸಲ ನಾನೇ ಮರೆತು ಅವಳನ್ನು ಕೇಳಿ ತಿಳಿದುಕೊಂಡಿದ್ದೇನೆ.

ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ನನ್ನ ಸಂಖ್ಯೆ ಅವಿಭಾಜ್ಯವಾಗಿರಬೇಕು ಎಂದು ನನಗೆ ಆಸೆ. ಬರೀ ಕುತೂಹಲವಲ್ಲ, ಆಸೆ. ಈ ಬದುಕಿನಲ್ಲಿ ನಾನು ಭಾಗವಾಗದೆ ಉಳಿದದ್ದು ಎಲ್ಲಿ ಹೇಳಿ? ವರ್ಷದ ಹನ್ನೊಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಮಗಳ ನಾಮಕರಣಕ್ಕೆ ಇಲ್ಲಿದ್ದೆ, ಅಮ್ಮ ತೀರಿಕೊಂಡಾಗ ಇಲ್ಲಿದ್ದೆ, ಊರಿಗೆ ಹೋದಾಗ ಗೇಟಿನ ಸೈರನ್ ಕಿವಿಯಲ್ಲಿ ಕೂಗುತ್ತಿತ್ತು. ಕೊಟ್ಟವರು ಯಾರೋ, ಯಾವ ಯಂತ್ರವೋ, ಕಣ್ಣುಮುಚ್ಚಿ ನನ್ನ ತಲೆಗೆ ಒಂದು ಸಂಖ್ಯೆ ಅಂಟಿಸಿತು. ಅದಾದರೂ ಯಾರಿಗೂ ಬಗ್ಗದ್ದಾಗಿರಲಿ. ಇದು ಮೂಢನಂಬಿಕೆ ಎಂದರೆ ಎನ್ನಿ.

ಒಂದು ದಿನ ಆ ಆಸೆಗೆ ಕಲ್ಲು ಬಿತ್ತು. ಇಪ್ಪತ್ತು ಸಾವಿರದ ಹನ್ನೊಂದರಿಂದ ಭಾಗಿಸುತ್ತಿದ್ದೆ. ಬೆಳಗಿನ ಸವಾರಿ. ಕೊನೆಯಲ್ಲಿ ಉಳಿಕೆ ಸೊನ್ನೆ ಬಂತು. ಪೆನ್ನು ಕೆಳಗಿಟ್ಟೆ. ಆ ದಿನ ಗೇಜುಗಳ ಮುಳ್ಳುಗಳೆಲ್ಲ ನನಗೆ ಒಂದೇ ಥರ ಕಂಡವು, ಮಧ್ಯಾಹ್ನದ ಡಬ್ಬಿ ಬಿಚ್ಚಲಿಲ್ಲ. ಸಂಜೆ ಹಮೀದರು ಬಲವಂತ ಮಾಡಿ ಕೇಳಿದಾಗ ಹೇಳಿದೆ. ಅವರು ಸಾಂತ್ವನ ಹೇಳುವ ಗೋಜಿಗೇ ಹೋಗಲಿಲ್ಲ.

“ಅದೆಂತದೋ ಒಂಬತ್ತರ ತಾಳೆ ಅಂತ ನೀವು ಹೇಳುದಲ್ವಾ. ಅದನ್ನು ನೋಡಿದ್ರಾ?”

ನೋಡಿರಲಿಲ್ಲ. ಒಂಬತ್ತರ ತಾಳೆ ಎಂದರೆ ಪ್ರತಿ ಸಂಖ್ಯೆಯ ಅಂಕಿಗಳನ್ನು ಕೂಡಿ ಒಂಬತ್ತುಗಳನ್ನು ಎತ್ತಿಹಾಕಿ ಉಳಿದದ್ದನ್ನು ಇಟ್ಟುಕೊಳ್ಳುವುದು. ದೊಡ್ಡ ಲೆಕ್ಕ ಸರಿ ಇದ್ದರೆ ಈ ಪುಟ್ಟ ಲೆಕ್ಕವೂ ಸರಿ ಕೂತುಕೊಳ್ಳಲೇಬೇಕು. ಬೆಳಗಿನ ಕಾಗದ ತೆಗೆದು ನೋಡಿದೆ. ಕೂರಲಿಲ್ಲ. ಬಸ್ಸು ಹಳ್ಳಕ್ಕೆ ಇಳಿದು ಹತ್ತಿದಾಗ ಒಂದು ಆರು ಸೊನ್ನೆಯಂತೆ ಮೂಡಿ, ನಾನು ಅದನ್ನು ಸೊನ್ನೆಯೆಂದೇ ನಂಬಿ ಮುಂದೆ ಹೋಗಿದ್ದೆ. ಮತ್ತೆ ಭಾಗಿಸಿದೆ. ಉಳಿಕೆ ಬಂತು, ಒಳ್ಳೆಯ ದಪ್ಪನೆಯ ಉಳಿಕೆ. ಹಮೀದರು ಕ್ಯಾಂಪಿನ ಅಂಗಡಿಯಲ್ಲಿ ಇಬ್ಬರಿಗೂ ಚಹಾ ಹೇಳಿದರು.

ನಮ್ಮ ಬಸ್ಸಿಗೆ ಗುರುಪ್ರಸಾದ್ ಸೇರಿದ್ದು ಆಮೇಲೆ. ಬೆಂಗಳೂರಿನ ಎಂಜಿನಿಯರು, ಒಳ್ಳೆಯ ಮನುಷ್ಯ, ಎಲ್ಲರಿಗೂ ಸಹಾಯ ಮಾಡಬೇಕೆಂಬ ಕೆಟ್ಟ ಚಾಳಿ. ಹಿಂದಿನ ಸೀಟಿನಿಂದ ಕತ್ತು ಚಾಚಿ ನನ್ನ ಕಾಗದ ನೋಡಿದ ಮೊದಲ ದಿನವೇ ಮೊಬೈಲ್ ತೆಗೆದರು.

“ನಂಬರ್ ಹೇಳಿ ಸಾರ್. ಅರ್ಧ ಸೆಕೆಂಡ್. ಯಾಕ್ ಇಷ್ಟ್ ಕಷ್ಟ ಪಡ್ತೀರ?”

“ಬೇಡ.”

“ಪ್ರೈಮ್ ಹೌದೋ ಅಲ್ವೋ ಅಷ್ಟೇ ತಾನೇ? ಇದ್ರಲ್ಲಿ ಆ್ಯಪ್ ಇದೆ ಸಾರ್.”

“ನಿಮ್ಮ ಪಾಲಿನ ಊಟವನ್ನು ನಾನು ಉಂಡು, ಹೊಟ್ಟೆ ತುಂಬಿತು ಅಂತ ನಿಮಗೆ ಬಂದು ಹೇಳಿದ್ರೆ ಆಗ್ತದಾ?”

ಬಸ್ಸಿನಲ್ಲಿ ನಗು ಎದ್ದಿತು. ಗುರುಪ್ರಸಾದರೂ ನಕ್ಕರು. ಆದರೆ ಬಿಡಲಿಲ್ಲ. ಎರಡು ದಿನಕ್ಕೊಮ್ಮೆ ಕೇಳುವರು. ಬಸ್ಸಿನ ಉಳಿದವರಿಗೂ ಅದೊಂದು ತಮಾಷೆಯಾಯಿತು. ಬೂಜಾರಿಯ ಸಂಖ್ಯೆ ಎಲ್ಲಿಗೆ ಬಂತು ಎಂದು ಹಿಂದಿಯಲ್ಲಿ, ಮಲಯಾಳದಲ್ಲಿ ಕೇಳುವವರು. ಡ್ರೈವರು ಹತ್ತುವಾಗ ಬೆರಳುಗಳನ್ನು ಗಾಳಿಯಲ್ಲಿ ಎಣಿಸಿ ತೋರಿಸುವನು. ತೋರಿಸಲಿ. ಅವರೆಲ್ಲ ಆ ಮುಕ್ಕಾಲು ಗಂಟೆ ಏನು ಮಾಡುತ್ತಿದ್ದರು? ಮೊಬೈಲಿನಲ್ಲಿ ಯಾರೋ ಎಲ್ಲೋ ಅಡುಗೆ ಮಾಡುವುದನ್ನು ನೋಡುತ್ತಿದ್ದರು. ಬಸ್ಸಿನಲ್ಲಿ ಕಳೆಯುವ ಆ ಹೊತ್ತು ಕಂಪನಿಯ ಲೆಕ್ಕಕ್ಕೂ ಇಲ್ಲ, ಮನೆಯ ಲೆಕ್ಕಕ್ಕೂ ಇಲ್ಲ. ಅದು ನನ್ನದು. ಅದರಲ್ಲಿ ನಾನು ಏನು ಮಾಡಬೇಕೆಂದು ಹೇಳಲು ವೀಸಾ ಕೊಟ್ಟ ಯಾವ ಕಫೀಲನೂ ಇಲ್ಲ.

ಹೀಗೆ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದವನ ಮೊಬೈಲಿಗೆ ಎರಡು ತಿಂಗಳ ಹಿಂದೆ ಒಂದು ಸಂದೇಶ ಬಂತು. ಕರಾರು ಮುಂದುವರಿಸುವುದಿಲ್ಲ, ವಯಸ್ಸಾಯಿತು, ಫೈನಲ್ ಎಕ್ಸಿಟ್. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲದ ಹೋಗುವಿಕೆ. ಬರುವುದು ಗೊತ್ತಿತ್ತು, ಆದರೆ ಇಷ್ಟು ಬೇಗ ಎಂದು ಗೊತ್ತಿರಲಿಲ್ಲ. ನಾನಾಗ ನಲವತ್ತನಾಲ್ಕು ಸಾವಿರದ ಹತ್ತಿರ ಇದ್ದೆ. ಇನ್ನೂ ಮುನ್ನೂರೈವತ್ತಕ್ಕೂ ಹೆಚ್ಚು ಅವಿಭಾಜ್ಯಗಳು ಬಾಕಿ. ಸವಾರಿಗೊಂದರಂತೆ ಹೋದರೆ ಮುಗಿಯುವುದಿಲ್ಲ. ಊರಿಗೆ ಹೋಗಿ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಮಾಡಬಹುದಿತ್ತು. ಆದರೆ ಊರಿನಲ್ಲಿ ಅದು ಯಾರ ಸಂಖ್ಯೆ? ಇಲ್ಲಿಂದ ಹೊರಟ ದಿನ ಅದು ಸತ್ತ ಸಂಖ್ಯೆ. ಅದು ನನ್ನದಾಗಿರುವಾಗಲೇ ತಿಳಿಯಬೇಕಿತ್ತು.

ಆ ಸಂಜೆ ಬಸ್ಸಿನಲ್ಲಿ ನಾನು ಕಾಗದ ತೆಗೆಯಲಿಲ್ಲ. ಕಿಟಕಿಯಾಚೆ ಪ್ಲಾಂಟಿನ ಚಿಮಣಿಯ ಬೆಂಕಿ ದಿನದಂತೆ ಉರಿಯುತ್ತಿತ್ತು. ಹಿಂದಕ್ಕೆ ತಿರುಗಿ, ಜೇಬಿನಿಂದ ಕಾರ್ಡು ತೆಗೆದು ಗುರುಪ್ರಸಾದರತ್ತ ಚಾಚಿದೆ.

“ನೋಡಿಬಿಡಿ ಮಾರಾಯ್ರೆ. ಸಾಕಾಯ್ತು.”

ಗುರುಪ್ರಸಾದರು ಕೈ ನೀಡುವ ಮೊದಲೇ ಹಮೀದರು ನಡುವಿನಿಂದ ಕಾರ್ಡನ್ನು ಕಿತ್ತುಕೊಂಡು ತಮ್ಮ ಜೇಬಿಗೆ ಹಾಕಿ ಗುಂಡಿ ಹಾಕಿಬಿಟ್ಟರು.

“ಕೊಡುದಿಲ್ಲ.”

“ಬ್ಯಾರ್ರೆ, ಅದು ನನ್ನ ಕಾರ್ಡು.”

“ನಿಮ್ಮದೇ. ಆದ್ರೂ ಕೊಡುದಿಲ್ಲ. ಕೇಳಿ ಇಲ್ಲಿ. ಆ ವರ್ಷ ನಿಮಗೆ ಜ್ವರ ಬಂದು ಎಚ್ಚರ ಇಲ್ಲದೆ ಬಿದ್ದಿದ್ದಾಗ ಕ್ಲಿನಿಕ್ಕಿಗೆ ಕರ್ಕೊಂಡು ಹೋದದ್ದು ಯಾರು? ಕಾರ್ಡು ನನ್ನ ಕೈಯಲ್ಲಿತ್ತಲ್ಲ. ಅವತ್ತೇ ನನ್ನ ಅಳಿಯನ ಮೊಬೈಲಲ್ಲಿ ಹಾಕಿ ನೋಡಿ ಆಗಿದೆ. ಉತ್ತರ ನಂಗೆ ಗೊತ್ತುಂಟು.”

ಗುರುಪ್ರಸಾದರ ಬಾಯಿ ಅರ್ಧ ತೆರೆದೇ ಇತ್ತು.

“ಅವತ್ತಿನಿಂದ ಬಾಯಿಗೆ ಬೀಗ ಹಾಕಿ ಕೂತಿದ್ದೇನೆ. ದಿನಾ ನಿಮ್ಮ ಪಕ್ಕದಲ್ಲಿ ಕೂತು, ನೀವು ಬೆವರು ಸುರಿಸುದು ನೋಡಿ, ಒಂದು ಶಬ್ದ ಆಡಿದ್ದೇನಾ? ನಾನು ಇಷ್ಟು ವರ್ಷ ತಡ್ಕೊಂಡಿದ್ದೇನೆ, ನಿಮಗೆ ಎರಡು ತಿಂಗಳು ತಡ್ಕೊಳ್ಳಿಕ್ಕೆ ಆಗುದಿಲ್ವಾ? ನಾಚಿಕೆ ಆಗ್ಬೇಕು ಪೂಜಾರ್ರೆ. ಪೆನ್ನು ತೆಗೀರಿ.”

ನನಗೆ ಸಿಟ್ಟು ಬಂತು. ಎಂಥ ಸಿಟ್ಟು ಅಂತೀರಿ. ನನ್ನ ಸಂಖ್ಯೆಯ ಗುಟ್ಟು ನನಗಿಂತ ಮೊದಲು ಈ ಮನುಷ್ಯನಿಗೆ ಗೊತ್ತು! ಇಷ್ಟು ವರ್ಷ ಪಕ್ಕದಲ್ಲಿ ಕೂತು ಬಾಳೆಹಣ್ಣು ತಿನ್ನುತ್ತ, ನನ್ನ ಲೆಕ್ಕ ನೋಡುತ್ತ, ಒಳಗೊಳಗೇ ನಗುತ್ತಿದ್ದಿರಬೇಕು. ಕ್ಯಾಂಪ್ ಬರುವವರೆಗೆ ನಾನು ಅವರ ಕಡೆ ತಿರುಗಲಿಲ್ಲ. ಆದರೆ ಪೆನ್ನು ತೆಗೆದೆ. ಆ ಸವಾರಿಯಲ್ಲೇ ಮೂರು ಭಾಗಾಕಾರ ಮುಗಿಸಿದೆ. ಸಿಟ್ಟಿನಲ್ಲಿ ಕೈ ಎಷ್ಟು ಚುರುಕಾಗಿ ಓಡುತ್ತದೆ ಎಂಬುದು ನನಗೂ ಹೊಸ ವಿಷಯ. ಇಳಿಯುವಾಗ ಹಮೀದರು ಕಾರ್ಡನ್ನು ನನ್ನ ಜೇಬಿಗೆ ವಾಪಸ್ ತುರುಕಿದರು.

ಮರುದಿನದಿಂದ ಇನ್ನೊಂದು ಕಾಟ ಶುರುವಾಯಿತು. ಪ್ರತಿ ಭಾಗಾಕಾರದ ಕೊನೆಯ ಹೆಜ್ಜೆಗೆ ಬರುತ್ತಿದ್ದಂತೆ ನನ್ನ ಕಣ್ಣು ತನ್ನಷ್ಟಕ್ಕೆ ಹಮೀದರ ಮುಖಕ್ಕೆ ಹೋಗುತ್ತಿತ್ತು. ಹುಬ್ಬು ಏರಿತೇ? ತುಟಿ ಅಲುಗಿತೇ? ಮುಂದುವರಿಸಿ ಎಂದು ಇವರು ಹೇಳಿದ್ದಾರೆಂದರೆ ಮುಂದೆ ಎಲ್ಲೋ ಒಂದು ಭಾಜಕ ಕಾದಿದೆ ಎಂದೇ? ಅಥವಾ ಏನೂ ಇಲ್ಲ, ಕೊನೆಯವರೆಗೂ ಹೋಗಿ ಸಂತೋಷಪಡಲಿ ಎಂದೇ? ಹಮೀದರಿಗೆ ಇದು ಗೊತ್ತಾಯಿತು. ಮಾರನೆಯ ಬೆಳಿಗ್ಗೆ ಕಪ್ಪು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂದು ಕೂತರು. ಸೂರ್ಯ ಸರಿಯಾಗಿ ಹುಟ್ಟಿರಲಿಲ್ಲ.

“ಎಂತಕೆ ಇದು?” ಎಂದೆ.

“ನನ್ನ ಮುಖದಲ್ಲಿ ನೀವು ಲೆಕ್ಕ ಮಾಡುದು ಬೇಡ,” ಎಂದರು. “ಕಾಗದದಲ್ಲಿ ಮಾಡಿ.”

ಎರಡು ತಿಂಗಳು ಹೋಗುವಾಗ, ಬರುವಾಗ, ಆ ಕಪ್ಪು ಗಾಜು ಬಿಚ್ಚಲಿಲ್ಲ. ಅದರ ಹಿಂದೆ ಅವರು ಕಲ್ಲಿನಂತೆ ಕೂತಿರುತ್ತಿದ್ದರು. ಬಸ್ಸು ಕುಲುಕಿದರೂ ತಲೆ ತಿರುಗಿಸುತ್ತಿರಲಿಲ್ಲ. ಎಂಥ ಸಂಯಮ ಎಂದು ನಾನು ಬೆರಗಾಗಿದ್ದೆ. ನಾನಾಗಿದ್ದರೆ ಮೂರನೆಯ ದಿನವೇ ಬಾಯಿ ಬಿಟ್ಟಿರುತ್ತಿದ್ದೆ. ಸವಾರಿಗೆ ಮೂರು, ಕೆಲವೊಮ್ಮೆ ನಾಲ್ಕು. ಪ್ರತಿಯೊಂದಕ್ಕೂ ಒಂಬತ್ತರ ತಾಳೆ. ನಲವತ್ತೈದು ಸಾವಿರ, ನಲವತ್ತಾರು, ನಲವತ್ತೇಳು. ಬಸ್ಸಿನ ತಮಾಷೆ ಕಡಿಮೆಯಾಗುತ್ತ ಬಂತು. ನನ್ನ ಕೈ ಅಲುಗದಿರಲೆಂದು ಡ್ರೈವರು ಹಳ್ಳದ ಹತ್ತಿರ ನಿಧಾನ ಮಾಡತೊಡಗಿದ. ಅವನಿಗೆ ಯಾರು ಹೇಳಿದರೋ ನನಗೆ ತಿಳಿಯದು. ಹಿಂದಿನ ಸೀಟಿನ ಗುರುಪ್ರಸಾದರು ಮೊಬೈಲನ್ನು ಚೀಲದೊಳಗೆ ಇಟ್ಟಿರುತ್ತಿದ್ದರು.

ನಿನ್ನೆ ನನ್ನ ಕೊನೆಯ ಡ್ಯೂಟಿ. ಸಂಜೆಯ ಬಸ್ಸು ಹತ್ತಿದಾಗ ಒಂದೇ ಒಂದು ಉಳಿದಿತ್ತು: ನಲವತ್ತೇಳು ಸಾವಿರದ ಎಂಟುನೂರ ನಲವತ್ತಮೂರು. ಅದರ ಮುಂದಿನ ಅವಿಭಾಜ್ಯದ ವರ್ಗ ನನ್ನ ಸಂಖ್ಯೆಯನ್ನೇ ದಾಟಿಬಿಡುತ್ತದೆ, ಹಾಗಾಗಿ ಇದೇ ಕೊನೆಯ ಬಾಗಿಲು. ಬೆಳಿಗ್ಗೆಯೇ ಮುಗಿಸಬಹುದಿತ್ತು. ಬೇಕೆಂದೇ ಉಳಿಸಿಕೊಂಡಿದ್ದೆ. ಸುರಕ್ಷತೆಯ ಪಾಠವೆಂದು ದಿನಾ ಬೆಳಿಗ್ಗೆ ಹಂಚುವ ಕರಪತ್ರದ ಹಿಂಬದಿಯಲ್ಲಿ ಸಂಖ್ಯೆಯನ್ನು ಬರೆದೆ, ಅಂಕಿ ಅಂಕಿ ಬಿಡಿಸಿ. ಮೊದಲ ಹೆಜ್ಜೆ. ಎರಡನೆಯದು. ಪೆನ್ನು ಬೆವರಿಗೆ ಜಾರಿತು, ಅಂಗಿಗೆ ಒರೆಸಿಕೊಂಡೆ. ಕೊನೆಯ ಕಳೆಯುವಿಕೆಗೆ ಬಂದಾಗ ಅಮ್ಮನ ಗೆರಸಿ ಕಣ್ಣೆದುರು ಬಂತು. ಉಳಿಯಲಿ, ಒಂದಾದರೂ ಉಳಿಯಲಿ ಎಂದುಕೊಂಡೆ.

ಉಳಿಯಿತು. ಸಾವಿರಗಟ್ಟಲೆ ಉಳಿಯಿತು. ಒಂಬತ್ತರ ತಾಳೆ ನೋಡಿದೆ, ಕೂತಿತು. ಮತ್ತೆ ನೋಡಿದೆ, ಮತ್ತೆ ಕೂತಿತು. ನನ್ನ ಇನ್ನೂರ ಇಪ್ಪತ್ತೊಂಬತ್ತು ಕೋಟಿಗೆ ತುಸು ಕಡಿಮೆಯ ಸಂಖ್ಯೆ ಯಾರಿಗೂ ಬಗ್ಗಿರಲಿಲ್ಲ.

“ಬ್ಯಾರ್ರೆ,” ಎಂದೆ. “ಮುಗೀತು. ಅವಿಭಾಜ್ಯ. ಇನ್ನಾದ್ರೂ ಬೀಗ ತೆಗೀರಿ. ಸರಿಯಾ ಹೇಳಿ.”

ಹಮೀದರು ಅಲುಗಲಿಲ್ಲ. ತೋಳು ಮುಟ್ಟಿ ಅಲುಗಿಸಿದೆ. ತಟ್ಟನೆ ನೆಟ್ಟಗೆ ಕೂತು ಕಪ್ಪು ಕನ್ನಡಕ ತೆಗೆದರು. ಕಣ್ಣುಗಳು ಕೆಂಪಗೆ ಊದಿಕೊಂಡಿದ್ದವು. ಅಳು ಎಂದುಕೊಂಡೆ. ಅಳುವಲ್ಲ, ನಿದ್ದೆ. ಎರಡು ತಿಂಗಳೂ ಆ ಮನುಷ್ಯ ಕನ್ನಡಕದ ಹಿಂದೆ ಸುಖವಾಗಿ ನಿದ್ದೆ ಮಾಡುತ್ತಿದ್ದರು.

“ಎಂತ ಬಂತು?” ಎಂದು ಕೇಳಿದರು.

“ನಿಮಗೆ ಗೊತ್ತಿಲ್ವಾ ಎಂತ ಬಂತು ಅಂತ?”

“ನಂಗೆ ಎಲ್ಲಿಂದ ಗೊತ್ತಿರ್ಬೇಕು ಮಾರಾಯ್ರೆ? ಅವತ್ತು ನಿಮ್ಮ ಮೈ ಕೆಂಡದ ಹಾಗೆ ಸುಡ್ತಾ ಇತ್ತು. ಕಾರ್ಡು ಕೌಂಟರಿನಲ್ಲಿ ಕೊಟ್ಟೆ, ವಾಪಸ್ ತಗೊಂಡೆ. ಸಂಖ್ಯೆ ನೋಡ್ಲಿಕ್ಕೆ ಯಾರಿಗೆ ಪುರುಸೊತ್ತು? ಅಳಿಯ ಆಗ ಇಲ್ಲಿಗೆ ಬಂದೇ ಇರ್ಲಿಲ್ಲ.” ಮತ್ತೆ ದನಿ ತಗ್ಗಿಸಿ, “ಗೊತ್ತಿಲ್ಲ ಅಂತ ಹೇಳಿದ್ರೆ ನೀವು ಆ ಮೊಬೈಲಿಗೆ ಕೊಟ್ಟುಬಿಡ್ತಿದ್ರಿ. ಹನ್ನೆರಡು ವರ್ಷ ನನ್ನ ಪಕ್ಕದಲ್ಲಿ ಕೂತು ಮಾಡಿದ್ದನ್ನು,” ಎಂದರು.

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಸ್ವಲ್ಪ ಹೊತ್ತು ಹೊರಗಿನದೇನೂ ಸ್ಪಷ್ಟವಾಗಿ ಕಾಣಿಸಲಿಲ್ಲ.

ಹಿಂದಿನ ಸೀಟಿನಿಂದ ಗುರುಪ್ರಸಾದರು ಮೆಲ್ಲಗೆ ಕೇಳಿದರು. “ಸಾರ್, ಈಗ ಮುಗೀತಲ್ಲ. ಈಗ್ಲಾದ್ರೂ ಒಂದ್ಸಲ ಚೆಕ್ ಮಾಡ್ಲಾ? ಇಷ್ಟು ಲೆಕ್ಕದಲ್ಲಿ ಎಲ್ಲಾದ್ರೂ ಒಂದು ತಪ್ಪಾಗಿದ್ರೆ?”

ನ್ಯಾಯವಾದ ಪ್ರಶ್ನೆ. ಸುಮಾರು ಐದು ಸಾವಿರ ಭಾಗಾಕಾರ, ಎಲ್ಲವೂ ಓಡುವ ಬಸ್ಸಿನಲ್ಲಿ. ಒಂಬತ್ತರ ತಾಳೆಯ ಕಣ್ಣಿಗೂ ಮಣ್ಣೆರಚುವ ತಪ್ಪುಗಳಿವೆ. ಎರಡು ಅಂಕಿ ಅದಲುಬದಲಾದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಎಲ್ಲೋ ಒಂದು ಧೂಳಿನ ಮುಂಜಾನೆ ನಾನೂ ತೂಕಡಿಸಿರಬಹುದು. ನಾನು ಉತ್ತರ ಕೊಡುವ ಮೊದಲು ಹಮೀದರ ಮುಖ ನೋಡಿದೆ. ಈ ಸಲ ಕನ್ನಡಕ ಇರಲಿಲ್ಲ. ಆ ಮುಖದಲ್ಲಿ ಯಾವ ಉತ್ತರವೂ ಇರಲಿಲ್ಲ, ಹಿಂದೆಯೂ ಇದ್ದಿರಲಿಲ್ಲ.

“ಬೇಡ,” ಎಂದೆ.

ರಾತ್ರಿ ಜಲಜಳ ಫೋನು ಬಂತು. ಎಲ್ಲಿಗ್ ಮುಟ್ತ್ ಎಂದಳು. ಮುಗಿಯಿತು, ಹಟದ ಮಾಣಿ ಎಂದೆ. ಅವಳು “ಅದ್ ನಂಗ್ ಮೊದ್ಲೇ ಗೊತ್ತಿತ್,” ಎಂದಳು. ಇವಳಿಗೂ ಯಾರ ಅಳಿಯ ಹೇಳಿದನೋ ಎಂದು ನಾನು ಕೇಳಲಿಲ್ಲ.

ನಾಳೆ ಹೊರಡುತ್ತೇನೆ. ಕಾರ್ಡನ್ನು ಕಂಪನಿಗೆ ಒಪ್ಪಿಸಬೇಕು, ಕೇಳುವವರು ಕೇಳುತ್ತಾರೆ, ಕೊಡುತ್ತೇನೆ. ಕೊಡುವಾಗ ಕೌಂಟರಿನವನು ನೋಡುವುದು ಒಂದು ಹತ್ತು ಅಂಕಿಯ ಸಾಲು. ಅದನ್ನು ಅವನು ಯಂತ್ರಕ್ಕೆ ಬಡಿದು ರದ್ದು ಮಾಡಲಿ. ಭಾಗ ಮಾಡಲು ಮಾತ್ರ ಅವನ ಅಪ್ಪನಿಂದಲೂ ಆಗುವುದಿಲ್ಲ.